ಅರ್ಧ ಆಳು

ಇಲ್ಲ ಎನ್ನುವುದನ್ನು ನಾನು ಸಂಬಳ ತೆಗೆದುಕೊಂಡು ಕಲಿತವನು. ದೊಡ್ಡಬಳ್ಳಾಪುರದ ಬ್ಯಾಂಕೊಂದರ ಸಾಲದ ವಿಭಾಗದಲ್ಲಿ ಕೂತು, ಹಸು ಕೊಳ್ಳುವವರಿಗೆ, ಮಗ್ಗ ಹಾಕುವವರಿಗೆ, ಕೋಳಿ ಶೆಡ್ಡು ಕಟ್ಟುವವರಿಗೆ ಆಗುವುದಿಲ್ಲ, ಮುಂದಿನ ವರ್ಷ ನೋಡೋಣ ಎನ್ನುತ್ತಲೇ ತಲೆ ನರೆಯಿತು. ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರು. ಮನೆಗೆ ಬಂದು ನೋಡಿದರೆ ನನ್ನನ್ನು ಏನನ್ನೂ ಕೇಳುವವರೇ ಇಲ್ಲ. ನನ್ನ ಹೆಂಡತಿ ಮಮತ ಯಾರನ್ನೂ ಕೇಳದೆ ಎಲ್ಲವನ್ನೂ ಮಾಡಿ ಮುಗಿಸುವ ಜಾಯಮಾನದವಳು. ಇಲ್ಲ ಎನ್ನಲು ಒಬ್ಬರೂ ಸಿಗದೆ ನನಗೆ ಬಾಯಿ ಕಟ್ಟಿದ ಹಾಗಾಗಿತ್ತು.

ಆಗ ಸಿಕ್ಕಿದವಳು ಚೈತ್ರ. ಅರಿಶಿನಕುಂಟೆಯ ಹುಡುಗಿ. ಅವರಪ್ಪನ ಹೊಲವೆಲ್ಲ ಹೆದ್ದಾರಿ ಪಕ್ಕದ ಗೋದಾಮುಗಳಾಗಿ ಹೋಗಿ, ಹುಡುಗಿ ನೆಲದ ಮೇಲಿನ ಆಸೆ ಬಿಟ್ಟು ಮೇಲೆ ನೋಡಲು ಶುರುಮಾಡಿದ್ದಳು. ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ಸಾಬೂನು ಪ್ಯಾಕ್ ಮಾಡುವ ಶೆಡ್ಡಿಗೂ ಬೋಲ್ಟು ಮಾಡುವ ಶೆಡ್ಡಿಗೂ ನಡುವೆ ಅವಳ ಕಂಪನಿ. ಲೆಕ್ಕ ನೋಡಿಕೊಳ್ಳಲು ಹಳೆಯ ಬ್ಯಾಂಕಿನವರು ಬೇಕು ಎಂದು ಯಾರೋ ಹೇಳಿ ಹೋದೆ.

"ನಿಮ್ಮ ಕಂಪನಿ ಏನು ಮಾಡುತ್ತಮ್ಮ?" ಎಂದೆ.

"ಆಕಾಶದಲ್ಲಿ ಟೋಯಿಂಗ್ ಗಾಡಿ, ಸರ್" ಎಂದಳು, ನಗದೆ.

ಟಿವಿ, ಫೋನು, ಹವಾಮಾನಕ್ಕೆಂದು ಬಿಟ್ಟ ಉಪಗ್ರಹಗಳು ಮೇಲೆ ಚೆನ್ನಾಗಿಯೇ ಇರುತ್ತವಂತೆ. ಆದರೆ ಒಳಗಿನ ಇಂಧನ ಮುಗಿದರೆ ಜಾಗದಲ್ಲಿ ನಿಲ್ಲಲಾರದೆ ಕೆಲಸಕ್ಕೆ ಬಾರದೆ ಹೋಗುತ್ತವಂತೆ. ಇವರ ಗಾಡಿ ಹೋಗಿ ಅದಕ್ಕೆ ಜೋಡಿಕೊಂಡು ಇನ್ನಷ್ಟು ವರ್ಷ ದೂಡಿಕೊಂಡು ಹೋಗುತ್ತದೆ. ಆ ಗಾಡಿಗೆ ಬೇಕಾದ ಎಂಜಿನ್ನನ್ನು ಇವರು ಮಾಡುತ್ತಿದ್ದಾರೆ.

"ಅಂದರೆ ಹಸು ಗಟ್ಟಿಮುಟ್ಟಾಗಿದೆ, ಮೇವು ಮುಗಿದಿದೆ" ಎಂದೆ.

ಅವಳು ಕಣ್ಣರಳಿಸಿದಳು. "ಸರ್, ಇದನ್ನ ಹೇಳೋಕೆ ನಾನು ನಲವತ್ತು ಸ್ಲೈಡ್ ಮಾಡಿದ್ದೆ."

ಮುಗಿಲಿಗೆ ಏಣಿ ಹಾಕುವ ಹುಡುಗಿಗೆ ಇಲ್ಲ ಎನ್ನಲೆಂದೇ ಹೋಗಿದ್ದೆ. ಸಾಧ್ಯವೇ, ಯಾರು ಕೊಳ್ಳುತ್ತಾರೆ, ಹುಟ್ಟುವಳಿ ಯಾವಾಗ ಎಂದು ಹಸುವಿನ ಸಾಲಕ್ಕೆ ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದೆ. ಒಂದಕ್ಕೂ ಸುಳ್ಳು ಹೇಳಲಿಲ್ಲ. ಗೊತ್ತಿಲ್ಲದಿದ್ದಕ್ಕೆ ಗೊತ್ತಿಲ್ಲ ಎಂದಳು. ನನ್ನ ಸರ್ವೀಸಿನಲ್ಲಿ ಹಾಗೆ ಹೇಳಿದ ಅರ್ಜಿದಾರರು ಅಪರೂಪ. ಮಾರನೆಯ ದಿನದಿಂದಲೇ ಹೋಗತೊಡಗಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅವಳಿಗೆ ದಿನಕ್ಕೊಮ್ಮೆ ಹೇಳುತ್ತಿದ್ದೆ. ಅವಳು ಹಾಸಿಗೆಯ ಹೊರಗೇ ಮಲಗುವವಳು. ಎರಡು ವರ್ಷ ಕಳೆಯುವುದರಲ್ಲಿ ಕೈಯಲ್ಲಿದ್ದದ್ದೆಲ್ಲ ಎಂಜಿನ್ನಿನ ಹೊಟ್ಟೆಗೆ ಹೋಯಿತು. ಬ್ಯಾಂಕುಗಳು ಅಡಮಾನಕ್ಕೆ ಏನಿದೆ ಎಂದವು. ಶ್ರೀಮಂತರು ಅಮೆರಿಕದವರು ಮಾಡಿ ತೋರಿಸಲಿ, ಆಮೇಲೆ ನೋಡೋಣ ಎಂದರು. ಕೊನೆಗೆ ಹೊಸ ಕಂಪನಿಗಳಿಗೆ ಹಣ ಹೂಡುವ ಮುಂಬೈಯ ಒಂದು ಫಂಡಿನವರು ಕಿವಿಗೊಟ್ಟರು. ಅವರ ಮಾತು ಸ್ಪಷ್ಟವಾಗಿತ್ತು: ಡಿಸೆಂಬರಿನ ಮೊದಲ ಶುಕ್ರವಾರ ಬರುತ್ತೇವೆ, ಎಂಜಿನ್ ನೀವು ಹೇಳಿದಷ್ಟು ಹೊತ್ತು ನಿಲ್ಲದೆ ಉರಿಯಬೇಕು. ಉರಿದರೆ ಮುಂದಿನ ಮಾತು. ಇಲ್ಲದಿದ್ದರೆ ಸಾಲಿನಲ್ಲಿರುವ ಬೇರೆ ಕಂಪನಿಗೆ ಆ ಹಣ. ಆ ಶುಕ್ರವಾರ ತಪ್ಪಿದರೆ ಜನವರಿಯಲ್ಲಿ ಶೆಡ್ಡಿಗೆ ಬೀಗ, ಹದಿನಾಲ್ಕು ಮಂದಿ ಮನೆಗೆ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಉರಿಸುವ ಜಾಗ ಸಾಸಲು ಹೋಬಳಿಯ ಒಂದು ಹಳ್ಳಿಯ ಹೊರಗಿತ್ತು. ಅಪ್ಪಯ್ಯಣ್ಣ ಎಂಬ ಹಿರಿಯರ ಕಲ್ಲುದಿಣ್ಣೆಯನ್ನು ಗುತ್ತಿಗೆಗೆ ಹಿಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಎಂಜಿನ್ ಬಿಗಿಯುವ ಕಬ್ಬಿಣದ ಚೌಕಟ್ಟು ನಿಲ್ಲಿಸಿದ್ದರು. ಜಾಗ ಹುಡುಕಿದವನು ಮಂಜೇಶ. ಪರೀಕ್ಷೆಯ ಹೊಣೆಯೆಲ್ಲ ಹೊತ್ತ, ಬಲು ಬುದ್ಧಿವಂತ ಇಂಜಿನಿಯರು. ಸುತ್ತ ಎಷ್ಟು ದೂರ ಏನೂ ಇರಬಾರದೋ ಅಷ್ಟು ದೂರಕ್ಕೆ ನಕಾಶೆಯಲ್ಲಿ ಗೆರೆ ಎಳೆದು, "ಖಾಲಿ ಜಾಗ" ಎಂದು ಬರೆದಿದ್ದ. ಬರೆದದ್ದು ಏಪ್ರಿಲ್ ತಿಂಗಳಲ್ಲಿ.

ಏಪ್ರಿಲ್‌ನಲ್ಲಿ ಬಯಲುಸೀಮೆಯ ಹೊಲ ನೋಡಿ ಖಾಲಿ ಜಾಗ ಎಂದವರು ಲೋಕದಲ್ಲಿ ಇವರೇ ಮೊದಲಿರಬೇಕು. ಮುಂಗಾರು ಬಂತು, ಆ ಖಾಲಿ ಜಾಗಕ್ಕೆ ರಾಗಿ ಬಿತ್ತಿದರು. ಇವರು ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಮುಳುಗಿದ್ದರು. ಫಂಡಿನವರು ಬರುವ ವಾರದ ಸೋಮವಾರ ಅಗ್ನಿಶಾಮಕದ ಅಧಿಕಾರಿಯೊಬ್ಬರು ಜಾಗ ನೋಡಲು ಬಂದರು. ಕಟ್ಟೆಯ ಬುಡದವರೆಗೂ ರಾಗಿ ಹಣ್ಣಾಗಿ, ಒಣಗಿ, ಒಂದೇ ಕಿಡಿಗೆ ಕಾದಿತ್ತು.

"ಈ ಬೆಳೆ ಇಲ್ಲಿರೋ ತನಕ ಬೆಂಕಿ ಹಚ್ಚೋ ಹಾಗಿಲ್ಲ. ಕುಯ್ದು ಇಲ್ಲೇ ಹಾಕಿದ್ರೂ ಆಗಲ್ಲ. ಹೊಲ ಖಾಲಿಯಾದ್ಮೇಲೆ ಕರೀರಿ" ಎಂದು ಹೇಳಿ ಜೀಪು ಹತ್ತಿದರು. ಅವರು ಹೇಳಿದ್ದು ನ್ಯಾಯವೇ.

ಮಂಜೇಶ ನಕಾಶೆಯನ್ನೂ ಹೊಲವನ್ನೂ ಒಂದಾದ ಮೇಲೊಂದು ನೋಡುತ್ತ ನಿಂತ. "ಎಲ್ಲಾ ಲೆಕ್ಕ ಹಾಕಿದ್ದೆ ಗುರು" ಎಂದು ಪಕ್ಕದವನಿಗೆ ಹೇಳಿದ. "ಮಳೆ ಬಂದ್ರೆ ಬೆಳೆ ಬರುತ್ತೆ ಅನ್ನೋದೊಂದು ಬಿಟ್ಟು."

ಹೊಲ ಮುನಿವೆಂಕಟಮ್ಮನದು. ಗಂಡ ಇಲ್ಲ, ಮಗಳು ಹೊಸಕೋಟೆಗೆ ಮದುವೆಯಾಗಿ ಹೋಗಿದ್ದಾಳೆ, ಮನೆಯಲ್ಲಿ ತಾನು ಮತ್ತು ಎರಡು ಹಸು. ನವೆಂಬರಿನ ಮಳೆಗೆ ರಾಗಿ ಮಲಗಿಬಿಟ್ಟಿತ್ತು. ಮಲಗಿದ ರಾಗಿಯನ್ನು ಯಂತ್ರ ಎತ್ತುವುದಿಲ್ಲ, ಕುಡುಗೋಲಿನಿಂದಲೇ ಕುಯ್ಯಬೇಕು. ಕೂಲಿಗೆ ಜನ ಎಲ್ಲಿ? ಊರಿನ ಹರೆಯದವರೆಲ್ಲ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಶಿಫ್ಟಿಗೆ ಹೋಗುತ್ತಾರೆ.

ಬ್ಯಾಂಕಿನವನ ತಲೆ ಎಲ್ಲಿಗೆ ಓಡುತ್ತದೆ? ಒಂದು ಕವರಿಗೆ ದುಡ್ಡು ಹಾಕಿಕೊಂಡು ಹೋದೆ. ಮುನಿವೆಂಕಟಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು.

"ಬೆಳೆಯ ಬೆಲೆಗಿಂತ ಹೆಚ್ಚಾಗಿಯೇ ಕೊಡುತ್ತೇವಮ್ಮ. ಟ್ರ್ಯಾಕ್ಟರ್ ಬಿಟ್ಟು ಉತ್ತುಬಿಡುತ್ತೇವೆ, ಒಂದು ಗಂಟೆಯ ಕೆಲಸ" ಎಂದೆ.

ಆಕೆ ಬಾಚುವುದನ್ನು ನಿಲ್ಲಿಸಿದರು. "ತೆನೆ ಬಂದಿರೋ ರಾಗಿನ ಉತ್ತಾಕ್ಬುಡ್ತೀರಾ?"

"ದುಡ್ಡು ಕೊಟ್ಟೇ..."

"ಈ ಕಾಗದಾನ ನನ್ನ ಹಸ ತಿಂದಾತಾ ಸ್ವಾಮಿ? ಅನ್ನ ಉಣ್ಣೋ ಬಾಯಲ್ಲಿ ಇಂಥ ಮಾತು ಆಡ್ಬಾರ್ದು. ಎದ್ದೋಗಿ."

ನಾನು ಕೂತೇ ಇರಲಿಲ್ಲ, ಆದರೂ ಎದ್ದುಹೋದೆ. ಇಲ್ಲ ಎನ್ನಿಸಿಕೊಳ್ಳುವುದು ಹೇಗಿರುತ್ತದೆ ಎಂದು ಆ ವಯಸ್ಸಿನಲ್ಲಿ ತಿಳಿಯಿತು. ಚೆನ್ನಾಗಿರುವುದಿಲ್ಲ.

ಸಂಜೆ ಚೈತ್ರ ತಾನೇ ಹೋದಳು. ಕವರು ಒಯ್ಯಲಿಲ್ಲ, ನನ್ನನ್ನು ಮಾತ್ರ ಕರೆದುಕೊಂಡು ಹೋದಳು. ಮುನಿವೆಂಕಟಮ್ಮನ ಮುಂದೆ ನೆಲಕ್ಕೆ ಕೂತು, "ಅಜ್ಜಿ, ತಪ್ಪು ನಮ್ದು. ಹೊಲ ಅಂತ ಗೊತ್ತಾಗದೆ ಗೆರೆ ಎಳೆದ್ವಿ. ನಿಮ್ಮ ರಾಗಿ ಒಂದು ತೆನೇನೂ ಹಾಳಾಗಬಾರ್ದು. ಗುರುವಾರದೊಳಗೆ ಕುಯ್ಯೋಕೆ ಏನ್ಮಾಡ್ಬೇಕು, ನೀವೇ ಹೇಳಿ" ಎಂದಳು.

ಅಜ್ಜಿ, "ಕುಯ್ಯೋಕೆ ನಂಗೂ ಆಸೆ ಕಣವ್ವ. ಮುಯ್ಯಾಳಲ್ಲಿ ನನ್ನ ಸರದಿ ಕೊನೇದು" ಎಂದರು.

ಆ ಊರಿನಲ್ಲಿ ಮುನಿವೆಂಕಟಮ್ಮನದೂ ಸೇರಿ ಹನ್ನೆರಡು ಮನೆಗಳಲ್ಲಿ ಮುಯ್ಯಾಳು ಇನ್ನೂ ಉಳಿದಿತ್ತು. ಇವತ್ತು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಆಳು ಬಂದರೆ, ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯಿಂದ ಬರಬೇಕು. ಕೂಲಿ ಇಲ್ಲ, ಊಟ ಉಂಟು. ಮುನಿವೆಂಕಟಮ್ಮ ಒಂಟಿ. ತಾನು ಎಲ್ಲರ ಹೊಲಕ್ಕೂ ಹೋಗಿ ದುಡಿದು ಮುಗಿಸಿದ ಮೇಲೆ ಎಲ್ಲರನ್ನೂ ಕರೆಯುತ್ತಿದ್ದರು. ಮೊದಲೇ ಕರೆದು, ಆಮೇಲೆ ಮೈ ಕೈ ಕೊಟ್ಟರೆ ಅಷ್ಟೂ ಮನೆಯ ಋಣ ತಲೆಯ ಮೇಲೆ ಉಳಿಯುತ್ತದೆ ಎಂಬ ಭಯ ಆಕೆಗೆ.

"ಆ ಋಣ ನಾವು ಹೊತ್ಕೋತೀವಿ. ನೀವು ತೀರಿಸಬೇಕಾದ ಆಳು ನಮ್ಮ ಕಂಪನಿಯಿಂದ ಬರ್ತಾರೆ, ಹನ್ನೊಂದು ಮನೆಗೂ" ಎಂದಳು ಚೈತ್ರ.

ನನಗೆ ಥಟ್ಟನೆ ಅರ್ಥವಾಯಿತು. ಹುಡುಗಿ ಜಾಮೀನು ನಿಲ್ಲುತ್ತಿದ್ದಳು.

ಅಪ್ಪಯ್ಯಣ್ಣನ ಜಗುಲಿಯ ಮೇಲೆ ಮನೆಗೊಬ್ಬರಂತೆ ಸೇರಿದರು, ನಮ್ಮ ಹುಡುಗರೂ ಬಂದು ನಿಂತರು. ಆ ವಾರದ ಸರದಿ ಗಂಗಲಕ್ಷ್ಮಮ್ಮನದು. ಐವತ್ತರ ಹೆಂಗಸು, ಮಾತು ಕತ್ತಿ. ಅವರ ಹೊಲ ಕೆರೆಯ ಕೆಳಗಿನ ತಗ್ಗಿನಲ್ಲಿದೆ, ಮಳೆ ಬಂದರೆ ಮೊದಲು ಮುಳುಗುವುದು ಅದೇ. ಆಕಾಶದಲ್ಲಿ ಮೋಡ ಕಟ್ಟಿತ್ತು. ಫೋನಿನಲ್ಲಿ ಚಂಡಮಾರುತದ ಸುದ್ದಿಯೂ ಇತ್ತು.

"ಇವರಿಗೆ ಕುಡ್ಲು ಹಿಡಿಯೋಕ್ ಬರುತ್ತಾ ಅಂತ ಕೇಳಿ ಮೊದ್ಲು" ಎಂದರು ಗಂಗಲಕ್ಷ್ಮಮ್ಮ.

ಅಪ್ಪಯ್ಯಣ್ಣ ನಮ್ಮ ಇಂಜಿನಿಯರುಗಳನ್ನು ಸಂತೆಯಲ್ಲಿ ಎತ್ತು ನೋಡುವ ಹಾಗೆ ಒಬ್ಬೊಬ್ಬರನ್ನಾಗಿ ನೋಡಿದರು. "ಇಬ್ಬರು ಸೇರಿ ಒಂದಾಳು ಅಂತ ಇಟ್ಕೊಳ್ಳಾನಾ" ಎಂದು ತೀರ್ಪು ಕೊಟ್ಟರು. "ಈ ಹುಡುಗಿ ಒಂದು ಪೂರಾ ಆಳು."

"ನಾನು?" ಎಂದೆ.

"ತಾವು ನೀರು ಕೊಡಿ ಸ್ವಾಮಿ."

ಜಗುಲಿ ನಕ್ಕಿತು. ನಗು ನಿಂತ ಮೇಲೆ ಎಲ್ಲರೂ ಗಂಗಲಕ್ಷ್ಮಮ್ಮನ ಮುಖ ನೋಡಿದರು. ಸರದಿ ಬಿಟ್ಟುಕೊಡಬೇಕಾದವರು ಅವರು. ನಾನಾಗಿದ್ದರೆ ಏನು ಹೇಳುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕಾರಣಗಳೂ ನಾಲಗೆಯ ತುದಿಯಲ್ಲೇ ಇದ್ದವು: ಮೋಡ ಇದೆ, ಹೊಲ ತಗ್ಗಿನಲ್ಲಿದೆ, ಇವರು ನಿನ್ನೆ ಮೊನ್ನೆ ಬಂದವರು.

"ನೆರೆಯವರು ಬಂದು ಕೇಳವ್ರೆ. ಇಲ್ಲ ಅನ್ನಾದೆಂಗೆ?" ಎಂದರು ಗಂಗಲಕ್ಷ್ಮಮ್ಮ. "ಮುನಿವೆಂಕಟಕ್ಕಂದು ಮೊದ್ಲು ಆಗ್ಲಿ."

ಅಷ್ಟೇ. ಎಂಜಿನ್ ಯಾಕೆ, ಲಾಭ ಯಾರಿಗೆ, ನನಗೇನು ಸಿಗುತ್ತದೆ ಎಂದು ಒಂದೂ ಕೇಳಲಿಲ್ಲ. ನನ್ನ ಕಣ್ಣು ತುಂಬಿತು. ಜಗುಲಿಯ ದೀಪ ಮಂದವಾಗಿದ್ದದ್ದು ಒಳ್ಳೆಯದಾಯಿತು.

ಬುಧವಾರ, ಗುರುವಾರ ಊರು ಕುಯ್ಲಿಗೆ ಇಳಿಯಿತು. ಕುಯ್ದ ರಾಗಿಯನ್ನು ಒಣಗಲು ಹೊಲದಲ್ಲೇ ಬಿಡುವುದು ವಾಡಿಕೆ. ಇಲ್ಲಿ ಬಿಡುವಂತಿರಲಿಲ್ಲ, ಕುಯ್ದಷ್ಟನ್ನೂ ಆಗಲೇ ಹೊರೆ ಕಟ್ಟಿ, ಹೊತ್ತು, ಅಜ್ಜಿಯ ಹಿತ್ತಲಿಗೆ ಸಾಗಿಸಬೇಕಿತ್ತು. ಮಂಜೇಶ ಮಧ್ಯಾಹ್ನದೊಳಗೆ ಎರಡು ಬೆರಳು ಕುಯ್ದುಕೊಂಡು, ಬಟ್ಟೆ ಸುತ್ತಿಕೊಂಡು, ಹೊರೆ ಹೊರುವ ಕೆಲಸಕ್ಕೆ ಬಡ್ತಿ ಪಡೆದ. ಬೆಂಗಳೂರಿನಲ್ಲಿ ಜಿಮ್ಮಿಗೆ ದುಡ್ಡು ಕಟ್ಟುವ ಹುಡುಗರು ಬೆನ್ನು ಹಿಡಿದುಕೊಂಡು ಬದುವಿನ ಮೇಲೆ ಮಲಗಿದರು. ಚೈತ್ರ ಮಾತ್ರ ಗಂಗಲಕ್ಷ್ಮಮ್ಮನ ಪಕ್ಕದ ಸಾಲು ಹಿಡಿದು ಕೊನೆಯವರೆಗೂ ಬಿಡಲಿಲ್ಲ. ನಾನು ನೀರು ಕೊಟ್ಟೆ. ಬಿಂದಿಗೆ ಹೊತ್ತು ಆ ದಿಣ್ಣೆಯನ್ನು ಹತ್ತಿ ಇಳಿದವನಿಗೇ ಗೊತ್ತು, ಅದೂ ಸಣ್ಣ ಕೆಲಸವಲ್ಲ.

ಗುರುವಾರ ಸಂಜೆ ಹೊಲ ಖಾಲಿಯಾಯಿತು. ಏಪ್ರಿಲ್‌ನಲ್ಲಿ ಕಂಡಿದ್ದ ಅದೇ ಕೆಂಪು ಮಣ್ಣು. ಮಂಜೇಶ ಅದನ್ನು ನೋಡಿ, "ಇನ್ಮೇಲೆ ಯಾವ ಜಾಗಾನೂ ಖಾಲಿ ಅನ್ನಲ್ಲ ಸರ್" ಎಂದ.

ಶುಕ್ರವಾರ ಫಂಡಿನವರು ಬಂದರು. ಅವರ ಮುಖ್ಯಸ್ಥೆ ಅರ್ಪಿತ, ನಮ್ಮ ಬೆಂಗಳೂರಿನವರೇ, ಈಗ ಮುಂಬೈಯಲ್ಲಿದ್ದಾರೆ. ಅಗ್ನಿಶಾಮಕದವರು ಗಾಡಿ ನಿಲ್ಲಿಸಿಕೊಂಡು, ಆಗಬಹುದೆಂದು ತಲೆಯಾಡಿಸಿದರು. ಊರವರೆಲ್ಲ ದೂರದ ಹಗ್ಗದಾಚೆ ನಿಂತರು. ಎಂಜಿನ್ ನೋಡಿ ಮುನಿವೆಂಕಟಮ್ಮನಿಗೆ ಬಹಳ ನಿರಾಸೆಯಾಯಿತು. ಅದು ಒಂದು ದೊಡ್ಡ ತಂಬಿಗೆಯಷ್ಟಿತ್ತು.

"ಇಷ್ಟುದ್ದ ಚೊಂಬಿಗಾ ನನ್ನ ರಾಗಿ ಕುಯ್ಸಿದ್ದು?"

ಮೊದಲ ಸಲ ಉರಿ ಬಂದು, ಕೆಮ್ಮಿ, ನಿಂತುಹೋಯಿತು. ಅರ್ಪಿತ ಗಡಿಯಾರ ನೋಡಿಕೊಂಡರು. ಚೈತ್ರ ನನ್ನ ಪಕ್ಕದಲ್ಲೇ ಇದ್ದಳು, ಅವಳ ಅಂಗೈ ತುಂಬ ರಾಗಿ ಕುಯ್ದ ಬೊಬ್ಬೆಗಳು. ನಾನು ಮನೆದೇವರನ್ನು ನೆನೆದೆ. ನಮ್ಮ ಮನೆದೇವರಿಗೆ ಆಕಾಶದ ವ್ಯವಹಾರ ಎಷ್ಟು ಗೊತ್ತೋ ತಿಳಿಯದು, ಆದರೂ ನೆನೆದೆ. ಮಂಜೇಶ ಹೋಗಿ ಬಿಗಿಯಾಗಿದ್ದ ವಾಲ್ವೊಂದನ್ನು ಬದಲಿಸಿ, ಬಟ್ಟೆ ಸುತ್ತಿದ ಬೆರಳನ್ನೆತ್ತಿ ಸನ್ನೆ ಮಾಡಿದ.

ಎರಡನೆಯ ಸಲ ಹತ್ತಿದ ಉರಿ ನಿಲ್ಲಲಿಲ್ಲ. ಆ ಚೊಂಬು ಹಾಕಿದ ಗರ್ಜನೆಗೆ ಎದೆ ನಡುಗಿತು, ಊರ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ನೀಲಿ ನಾಲಗೆಯೊಂದು ಖಾಲಿ ಹೊಲದ ಕಡೆಗೆ ಚಾಚಿಕೊಂಡು, ಹೇಳಿದ ಹೊತ್ತಿಗಿಂತಲೂ ಹೆಚ್ಚು ಉರಿದು, ಮಂಜೇಶ ಆರಿಸಿದಾಗಷ್ಟೇ ಆರಿತು. ಚೈತ್ರ ಕುಸಿದು ಕೂತು ಅತ್ತಳು. ಹಗ್ಗದಾಚೆಯಿಂದ ಶಿಳ್ಳೆ ಬಿತ್ತು. ಹಾಕಿದವರು ಮುನಿವೆಂಕಟಮ್ಮ ಎಂದು ಮಂಜೇಶ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ.

ಕತೆ ಇಲ್ಲಿಗೆ ಮುಗಿದಿದ್ದರೆ ನನಗೆ ಸುಖವಾಗಿರುತ್ತಿತ್ತು. ಭಾನುವಾರ ಚಂಡಮಾರುತದ ಮಳೆ ಹಿಡಿಯಿತು, ಮೂರು ದಿನ ಬಿಡಲಿಲ್ಲ. ಮುನಿವೆಂಕಟಮ್ಮನ ರಾಗಿ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಬೆಚ್ಚಗಿತ್ತು. ಗಂಗಲಕ್ಷ್ಮಮ್ಮನ ರಾಗಿ ನೀರಿನಲ್ಲಿ ಮಲಗಿತು. ಮಳೆ ನಿಂತು ನಾವು ಹೋಗಿ ನೋಡಿದಾಗ, ಅಲ್ಲಲ್ಲಿ ತೆನೆಯಲ್ಲೇ ಮೊಳಕೆ ಒಡೆದಿತ್ತು. ಸರದಿ ಬಿಟ್ಟುಕೊಡದಿದ್ದರೆ ಅದು ಎಂದೋ ಮನೆ ಸೇರುತ್ತಿತ್ತು. ಚೈತ್ರ ಬದುವಿನ ಮೇಲೆ ನಿಂತು ಬಿಕ್ಕಿದಳು.

ಕೆಸರಿನಲ್ಲಿ ಬಗ್ಗಿದ್ದ ಗಂಗಲಕ್ಷ್ಮಮ್ಮ ತಲೆಯೆತ್ತಿ, "ಅಳಾದ್ಯಾಕೆ? ಕುಡ್ಲು ತಂದಿದೀಯಾ?" ಎಂದರು.

ತಂದಿದ್ದಳು. ಎಲ್ಲರೂ ತಂದಿದ್ದರು. ಕಂಪನಿಗೆ ರಜೆ ಹಾಕಿ, ಹದಿಮೂರು ಮಂದಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಮಣ್ಣಿಗಂಟಿದ ತೆನೆಯನ್ನು ಒಂದೊಂದಾಗಿ ಎತ್ತಿ ಕುಯ್ದರು. ನಾನು ನೀರು ಕೊಟ್ಟೆ. ಕಾಲು ಭಾಗ ಹೋಗಿತ್ತು, ಮುಕ್ಕಾಲು ಉಳಿಯಿತು. ಹಾಳಾದದ್ದಕ್ಕೆ ಬೆಲೆ ಕಟ್ಟಿಕೊಡುತ್ತೇವೆ ಎಂಬ ಮಾತು ನನ್ನ ಗಂಟಲಿನವರೆಗೆ ಬಂತು. ಹಿಂದಿನ ಕವರು ನೆನಪಾಗಿ ನುಂಗಿಕೊಂಡೆ. ಮಧ್ಯಾಹ್ನ ಆಕೆ ನಮಗೆ ಬಿಸಿ ಮುದ್ದೆ, ಸೊಗಡಿನ ಅವರೆಕಾಳು ಸಾರು ಬಡಿಸಿದರು. ಅಂಥ ಊಟ ನಾನು ಮದುವೆಮನೆಗಳಲ್ಲೂ ಉಂಡಿಲ್ಲ. ಆಮೇಲೆ ಉಳಿದ ಮನೆಗಳಿಗೂ ಭಾನುವಾರಕ್ಕೆ ಎರಡರಂತೆ, ಕಣ ಮಾಡಲು, ಹೊರೆ ಸಾಗಿಸಲು ನಮ್ಮವರು ಹೋಗಿ ಬಂದರು.

ಜನವರಿಯಲ್ಲಿ ಫಂಡಿನವರು ಒಪ್ಪಿದರು. ಕೇಳಿದ್ದಷ್ಟಲ್ಲ, ಆದರೆ ಎಂಜಿನ್ ಮೇಲೆ ಹೋಗುವವರೆಗೆ ಸಾಕಾಗುವಷ್ಟು. ಸಹಿ ಹಾಕುವ ಹಿಂದಿನ ದಿನ ಅವರ ವಕೀಲರು ನನಗೆ ಫೋನು ಮಾಡಿ, "ಕಾಗದದಲ್ಲಿ ಇಲ್ಲದ ಋಣ ಏನಾದರೂ ಇದ್ದರೆ ಇವತ್ತೇ ತೀರಿಸಿಕೊಂಡುಬಿಡಿ" ಎಂದರು. ಚೈತ್ರಳನ್ನು ಕೇಳಿದೆ. "ಹತ್ತು ಮನೇದು ಮುಗೀತು ಸರ್. ಗಂಗಲಕ್ಷ್ಮಮ್ಮಂದು ಗೊತ್ತಿಲ್ಲ" ಎಂದಳು.

ಬಸ್ಸು ಹತ್ತಿ ಹೋದೆ. ಗಂಗಲಕ್ಷ್ಮಮ್ಮ ರಾಗಿ ಕೇರುತ್ತಿದ್ದರು.

"ನಮ್ಮ ಹುಡುಗರು ಬಂದು ಕುಯ್ದು ಕೊಟ್ಟರಲ್ಲ. ತೀರಿತು ಅಂತ ಒಂದು ಮಾತು ಹೇಳಿಬಿಡಿ ತಾಯಿ. ನಾಳೆ ದೊಡ್ಡ ಸಹಿ ಇದೆ" ಎಂದೆ.

ಆಕೆ ಮೊರ ಕೆಳಗಿಟ್ಟರು. "ಅದೆಂಗೆ ತೀರುತ್ತೆ? ನೀವು ಹದಿಮೂರು ಜನ ಬಂದ್ರಿ. ಅಪ್ಪಯ್ಯಣ್ಣನ ಲೆಕ್ಕದಲ್ಲಿ ಏಳಾಳು. ನಮ್ಮನೆಯಿಂದ ಬಂದಿದ್ದು ನಾಕೇ ಆಳು. ಮೂರು ನಂದೇ ಬಾಕಿ."

"ನಿಮ್ಮ ಬೆಳೆ ಹೋಯಿತಲ್ಲಮ್ಮ, ನಮ್ಮಿಂದ."

"ಮಳೆಯಿಂದ ಹೋಯ್ತು. ಮಳೆಗೆ ನೀವು ಹೇಳಿ ಕಳಿಸಿದ್ರಾ?" ಎಂದು ಗದರಿದರು. ಆಮೇಲೆ ದನಿ ಇಳಿಸಿ, "ಸ್ವಾಮಿ, ಮುಯ್ಯಿ ತೀರ್ತು ಅಂದ್ರೆ ಬಳಕೆ ತೀರ್ತು ಅಂತ. ಒಂದಾಳು ಆಚೆಗೋ ಈಚೆಗೋ ಉಳಿದಿದ್ರೇ ಚೆಂದ. ನಾಳಿದ್ದು ನಿಮ್ಮ ಚೊಂಬು ಮೇಲಕ್ಕೋದಾಗ ನಂಗೂ ಒಂದು ಪಾಲು ಐತೆ ಅಂತ ನೋಡೋದ್ ಬೇಡ್ವಾ?" ಎಂದರು.

ಮನೆಮನೆಯ ಬಾಗಿಲು ತಟ್ಟಿ ಸಾಲ ತೀರಿಸಿ, ಸಾಲ ತೀರಿಸಿ ಎಂದು ಜೀವಮಾನವಿಡೀ ಹೇಳಿದವನು ನಾನು. ಆ ಅಂಗಳದಲ್ಲಿ ನಿಂತು ಕೈಮುಗಿದೆ.

"ಬುಡ್ತು ಅನ್ನಿ, ದೊಡ್ಡೋರು ಕೈ ಮುಗೀತಾರಾ?" ಎಂದರು ಆಕೆ.

ಮಾರನೆಯ ದಿನ ಮೇಜಿನ ಮುಂದೆ ಅರ್ಪಿತ ಪೆನ್ನು ತೆರೆದು, "ಬೇರೆ ಯಾರಿಗೂ ಯಾವ ಬಾಕಿಯೂ ಇಲ್ಲ ತಾನೆ?" ಎಂದು ಕೇಳಿದರು.

ಇಲ್ಲ ಎನ್ನಲು ನನಗಿಂತ ಅಭ್ಯಾಸವಿದ್ದವರು ಆ ಕೋಣೆಯಲ್ಲಿ ಯಾರಿದ್ದರು? ಆದರೂ ಬಾಯಿ ಬರಲಿಲ್ಲ.

"ಇದೆ ಮೇಡಂ" ಎಂದೆ. ವಕೀಲರು ತಲೆಯೆತ್ತಿದರು. ಎಲ್ಲವನ್ನೂ ಹೇಳಿದೆ, ಏಪ್ರಿಲ್‌ನಿಂದ ಅವರೆಕಾಳು ಸಾರಿನವರೆಗೆ. "ಇದು ತೀರುವಂಥದ್ದಲ್ಲ. ತೀರಿಸಿಕೊಳ್ಳಲು ನಮಗೂ ಮನಸ್ಸಿಲ್ಲ."

ಅರ್ಪಿತ, "ಅವತ್ತು ಆ ಹೊಲ ಖಾಲಿ ಇತ್ತಲ್ಲ, ಒಳ್ಳೇ ಜಾಗ ಹುಡುಕಿದಾರೆ ಅಂದ್ಕೊಂಡಿದ್ದೆ" ಎಂದು ಹೇಳಿ ಸಹಿ ಮಾಡಿದರು. ಮುಂದಿನ ಪರೀಕ್ಷೆ ಯಾವಾಗ ಎಂದು ಕೇಳಿದಾಗ, ಎಲ್ಲರಿಗಿಂತ ಮೊದಲು ಮಂಜೇಶನೇ, "ಊರಿನ ಕುಯ್ಲು ಮುಗಿದ ಮೇಲೆ" ಎಂದ.

ಸುದ್ದಿ ಹೇಳಲು ಚೈತ್ರ ನನ್ನ ಮುಂದೆಯೇ ಸ್ಪೀಕರ್ ಹಾಕಿ ಗಂಗಲಕ್ಷ್ಮಮ್ಮನಿಗೆ ಫೋನು ಮಾಡಿದಳು. ಆಕೆ ಎಲ್ಲ ಕೇಳಿಸಿಕೊಂಡು, ಸಂತೋಷಪಟ್ಟು, "ನಿಮ್ಮ ಬ್ಯಾಂಕಿನ ಸ್ವಾಮಿ ಅಲ್ಲೇ ಅವ್ರಾ?" ಎಂದರು.

"ಇದೀನಿ ತಾಯಿ" ಎಂದೆ.

"ನೀರು ಹೊತ್ತಿದ್ದು ನಾನು ನೋಡಿವ್ನಿ. ಅಪ್ಪಯ್ಯಣ್ಣನ ಜೊತೆ ಜಗಳ ಆಡಿ ಒಪ್ಸಿವ್ನಿ. ಬರೋ ವರ್ಷದಿಂದ ನೀವು ಅರ್ಧ ಆಳು."

ಶಾಲು ಹೊದಿಸಿ, ಹಾರ ಹಾಕಿದ ದಿನ ಬಾರದ ಅಳು ಆಗ ಬಂತು. ಮನೆಗೆ ಹೋಗುವ ದಾರಿಯಲ್ಲಿ ದೊಡ್ಡಬಳ್ಳಾಪುರದ ಪೇಟೆಯಲ್ಲಿ ಇಳಿದು, ಒಂದು ಕುಡುಗೋಲು ಕೊಂಡುಕೊಂಡೆ.